ಛೋಟಾ ಮಹಾಬಳೇಶ್ವರದ ವಿದ್ಯಾಪೀಠ

ನಿಮ್ಮ ಮನೆತನದಲ್ಲಿ ಮೂರು ತಲೆಮಾರಿನ ಪದವೀಧರರಿದ್ದರೆ ಅವರ ಪದವಿಪತ್ರಗಳನ್ನು ಒಂದು ದಿನ ಪೆಟ್ಟಿಗೆಯಿಂದ ಹೊರತೆಗೆದು ಸಾಲಾಗಿ ಇಟ್ಟು ನೋಡಿರಿ. ಅಜ್ಜನವರ ಪತ್ರದ ಮೇಲೆ ಮುಂಬಯಿ ವಿಶ್ವವಿದ್ಯಾಲಯದ ಮುದ್ರೆ ಇದ್ದೀತು. ತಂದೆಯವರ ಪತ್ರದ ಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಹೆಸರಿದ್ದೀತು. ಮಗನದೋ ಮೊಮ್ಮಗಳದೋ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ್ದಾಗಿರಬಹುದು, ಕಲಬುರ್ಗಿಯದಾಗಿರಬಹುದು, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದೂ ಆಗಿರಬಹುದು. ಊರು ಅದೇ, ಮನೆಯ ತೊಲೆಬಾಗಿಲು ಅದೇ. ಕಾಗದದ ಮೇಲಿನ ಹೆಸರು ಮಾತ್ರ ಮೂರು. ಈ ಮೂರು ಕಾಗದಗಳಲ್ಲಿ ನಮ್ಮ ಉತ್ತರ ಕರ್ನಾಟಕದ ನೂರು ವರ್ಷಗಳ ವಿದ್ಯಾಚರಿತ್ರೆ ಅಡಕವಾಗಿದೆ. ಅವುಗಳಲ್ಲಿ ನಡುವಿನ ಕಾಗದವನ್ನು ಕುರಿತು ಈ ಸಂಚಿಕೆಯಲ್ಲಿ ಕೆಲವು ಸಂಗತಿಗಳನ್ನು ತಮ್ಮ ಮುಂದಿಡಬಯಸುತ್ತೇವೆ.

ಕರ್ನಾಟಕ ವಿಶ್ವವಿದ್ಯಾಲಯವು ಶಾಸನದಿಂದ ಹುಟ್ಟಿದ ಸಾರ್ವಜನಿಕ ಸಂಸ್ಥೆ. ಅದು ಯಾವ ಮಠದ್ದೂ ಅಲ್ಲ, ಯಾವ ಒಂದು ಜನಾಂಗದ್ದೂ ಅಲ್ಲ. ಹಾಗೆ ಇರುವುದೇ ಅದರ ಘನತೆ. ಆದರೂ ಈ ಮಾಸಪತ್ರಿಕೆಯ ಪುಟಗಳಲ್ಲಿ ಅದರ ಪ್ರಸ್ತಾಪಕ್ಕೆ ಸಕಾರಣವುಂಟು. ಧಾರವಾಡದ ಆ ಗುಡ್ಡಕ್ಕೆ ನಮ್ಮ ಮಠಗಳಿಂದ ಎರಡು ವಸ್ತುಗಳು ಹೋದವು: ಅನ್ನವುಂಡ ಹುಡುಗರು ಮತ್ತು ಅಟ್ಟದ ಮೇಲಿನ ತಾಡೋಲೆಗಳು. ಅಲ್ಲಿಂದ ಏನು ತಿರುಗಿ ಬಂದಿತೆಂಬುದನ್ನು ತಿಳಿಯದೆ ನಮ್ಮ ಈಚಿನ ಚರಿತ್ರೆ ಪೂರ್ಣವಾಗುವಂತಿಲ್ಲ.

ಮೊದಲು ಹಿಂದಿನ ಸ್ಥಿತಿಯನ್ನು ನೆನೆಯೋಣ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತದ ಬಾಲದಂತೆ ಇದ್ದವು. ಉಚ್ಚ ಶಿಕ್ಷಣದ ಒಡೆತನವೆಲ್ಲ 1857ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾಲಯದ್ದು. ಮ್ಯಾಟ್ರಿಕ್ ಆದ ಹುಡುಗ ಮುಂದೆ ಓದಬೇಕಾದರೆ ಪುಣೆಗೆ, ಕೊಲ್ಹಾಪುರಕ್ಕೆ, ಇಲ್ಲವೆ ಮುಂಬಯಿಗೇ ಹೋಗಬೇಕು. ಅಲ್ಲಿ ಬೀದಿಯ ಮಾತು ಮರಾಠಿ, ತರಗತಿಯ ಮಾತು ಇಂಗ್ಲಿಷ್. ಮನೆಯಿಂದ ತಂದ ಕನ್ನಡಕ್ಕೆ ಟ್ರಂಕಿನಲ್ಲಿ ಮಾತ್ರ ಜಾಗ. ವರಕವಿ ಬೇಂದ್ರೆಯವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದುದೂ ಈ ಅನಿವಾರ್ಯದಿಂದಲೇ. ಕನ್ನಡ ಒಕ್ಕಲಿಗನ ಮಗನಿಗೆ ಈ ದಾರಿ ಎಷ್ಟು ದೂರದ್ದೆಂಬುದನ್ನು ಮೈಲಿಗಳಲ್ಲಿ ಎಣಿಸಿದರೆ ಸಾಲದು.

ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮೊದಲಾದ ಮುಂದಾಳುಗಳು ಜನರಿಂದ ಹಣ ಕೂಡಿಸಿ, ಸರಕಾರದ ಬೆನ್ನು ಹತ್ತಿದ ಫಲವಾಗಿ 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯಿತು. ಹಿಂದೆ ಸದರ್ನ್ ಮರಾಠಾ ರೇಲ್ವೆಯ ಮುಖ್ಯ ಕಚೇರಿಯಾಗಿದ್ದ ಕಲ್ಲುಕಟ್ಟಡವು ಅದರ ನೆಲೆಯಾಯಿತು. ರೇಲ್ವೆಯ ಲೆಕ್ಕಪತ್ರಗಳಿದ್ದ ಕೋಣೆಗಳಲ್ಲಿ ಕಾಳಿದಾಸನೂ ಶೇಕ್ಸ್‌ಪಿಯರನೂ ಬಂದು ಕುಳಿತರು. ಅದಕ್ಕೆ ಒಂದು ವರ್ಷ ಮುಂಚೆ, 1916ರಲ್ಲಿ, ಬೆಳಗಾವಿಯಲ್ಲಿ ಏಳು ಜನ ತರುಣರು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದ್ದರು. ಅದರ ಲಿಂಗರಾಜ ಕಾಲೇಜು 1933ರಲ್ಲಿ ಹುಟ್ಟಿತು. ಆ ಕಾಲೇಜಿಗೆ ಹೆಸರಾದ ಶಿರಸಂಗಿಯ ತ್ಯಾಗವೀರ ಲಿಂಗರಾಜರು ತಮ್ಮ ಸಂಸ್ಥಾನದ ಸಂಪತ್ತನ್ನು ಸಮಾಜದ ಮಕ್ಕಳ ವಿದ್ಯೆಗೆ ಬರೆದುಕೊಟ್ಟು 1906ರಲ್ಲಿ ಲಿಂಗೈಕ್ಯರಾದವರು. ಕಾಲೇಜುಗಳೇನೋ ಬಂದವು, ಆದರೆ ಪರೀಕ್ಷೆ, ಪಠ್ಯಕ್ರಮ, ಪದವಿ ಎಲ್ಲವೂ ಮುಂಬಯಿಯ ಅಪ್ಪಣೆಯಂತೆಯೇ ನಡೆಯಬೇಕಾಗಿದ್ದಿತು.

ಸ್ವಾತಂತ್ರ್ಯ ಬಂದ ಮೇಲೆ ಮುಂಬಯಿ ಸರಕಾರವು ಪ್ರಾಂತದ ಭಾಗ ಭಾಗಕ್ಕೆ ಒಂದೊಂದು ವಿಶ್ವವಿದ್ಯಾಲಯವನ್ನು ಕೊಡಲು ಒಪ್ಪಿತು. ಪುಣೆ, ಗುಜರಾತ, ಬಡೋದೆಗಳ ವಿಶ್ವವಿದ್ಯಾಲಯಗಳೂ ನಮ್ಮದೂ ಆ ಒಂದೆರಡು ವರ್ಷಗಳ ಅಂತರದಲ್ಲಿ ಹುಟ್ಟಿದ ಒಡಹುಟ್ಟುಗಳು. ಕರ್ನಾಟಕ ವಿಶ್ವವಿದ್ಯಾಲಯವು 1949ರ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿಯೇ ತನ್ನ ಕಾರ್ಯವನ್ನಾರಂಭಿಸಿ, 1950ರಲ್ಲಿ ಧಾರವಾಡಕ್ಕೆ ಬಂದಿತು. ಹೆಸರು ಕರ್ನಾಟಕದ್ದು, ಮೊದಲ ಕಚೇರಿ ಮುಂಬಯಿಯಲ್ಲಿ! ನ್ಯಾಯಮೂರ್ತಿ ಆರ್. ಎ. ಜಾಗೀರದಾರರು ಪ್ರಥಮ ಕುಲಪತಿಗಳಾದರು. ಇಲ್ಲಿ ವಾಚಕರು ಒಂದು ಮಾತನ್ನು ಗಮನಿಸಬೇಕು. ಆಗ ಕರ್ನಾಟಕವೆಂಬ ರಾಜ್ಯವಿನ್ನೂ ಇರಲಿಲ್ಲ. ಏಕೀಕರಣವಾದುದು 1956ರ ನವೆಂಬರ್ 1ರಂದು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದು 1973ರಲ್ಲಿ. ಅಂದರೆ ಕನ್ನಡ ನಾಡಿಗೆ ಗಡಿ ಬೀಳುವ ಮೊದಲೇ ಅದರ ಹೆಸರನ್ನು ಒಂದು ವಿದ್ಯಾಸಂಸ್ಥೆಯ ಬಾಗಿಲ ಮೇಲೆ ಬರೆದದ್ದಾಗಿತ್ತು. ಏಕೀಕರಣದ ಬಳಿಕ, ಅಲ್ಲಿಯವರೆಗೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಕಡೆಗೆ ಮುಖಮಾಡಿದ್ದ ಕಲಬುರ್ಗಿ, ಬೀದರ, ರಾಯಚೂರುಗಳ ಕಾಲೇಜುಗಳೂ ಧಾರವಾಡದ ವ್ಯಾಪ್ತಿಗೆ ಬಂದವು. ಮುಂಬಯಿಯ ಕಾಗದ ನೋಡಿದ ಮನೆ, ಹೈದರಾಬಾದಿನ ಉರ್ದು ನೋಡಿದ ಮನೆ, ಎರಡೂ ಮನೆಯ ಮಕ್ಕಳು ಒಂದೇ ಬೆಂಚಿನ ಮೇಲೆ ಕುಳಿತುದು ಈ ಗುಡ್ಡದ ಮೇಲೆ.

ಗುಡ್ಡವನ್ನು ವಿದ್ಯಾನಗರವನ್ನಾಗಿ ಮಾಡಿದ ಕೀರ್ತಿ ಎರಡನೆಯ ಕುಲಪತಿಗಳಾದ ಡಾ. ಡಿ. ಸಿ. ಪಾವಟೆಯವರದು. ಗೋಕಾಕ ತಾಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಇವರು ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಗಣಿತವನ್ನು ಅಭ್ಯಸಿಸಿದವರು. ಮುಂಬಯಿ ಪ್ರಾಂತದ ಶಿಕ್ಷಣಖಾತೆಯ ನಿರ್ದೇಶಕರಾಗಿದ್ದವರು. 1954ರಿಂದ 1967ರವರೆಗೆ ಹದಿಮೂರು ವರ್ಷ ಇವರು ಧಾರವಾಡದಲ್ಲಿ ಕುಲಪತಿಗಳಾಗಿದ್ದರು. ಅಲ್ಲಿಂದ ನೇರವಾಗಿ ಪಂಜಾಬದ ರಾಜ್ಯಪಾಲರಾಗಿ ಹೋದರು. ಊರ ಹೊರಗೆ ಛೋಟಾ ಮಹಾಬಳೇಶ್ವರವೆಂದು ಕರೆಯುತ್ತಿದ್ದ ಎತ್ತರದ ನೆಲದಲ್ಲಿ ನೂರಾರು ಎಕರೆಯ ಆವರಣ ಇವರ ಕಾಲದಲ್ಲಿ ರೂಪುಗೊಂಡಿತು. ಮುಖ್ಯ ಭವನ, ವಿಜ್ಞಾನ ವಿಭಾಗಗಳು, ಗ್ರಂಥಾಲಯ, ವಸತಿಗೃಹಗಳು ಒಂದಾದಮೇಲೊಂದು ಎದ್ದವು. ಇಂದು ಹದಿಮೂರು ವರ್ಷ ಒಬ್ಬರೇ ಕುಲಪತಿಗಳಾಗಿರುವುದು ಕಲ್ಪನೆಗೂ ನಿಲುಕದ ಮಾತು. ನಾಲ್ಕು ವರ್ಷಗಳ ಅವಧಿಯಲ್ಲಿ ಹೊಸಬರು ಆವರಣದ ದಾರಿಗಳನ್ನು ಗುರುತು ಹಿಡಿಯುವುದರೊಳಗೆ ಬೀಳ್ಕೊಡುಗೆಯ ಸಮಾರಂಭ ಬಂದಿರುತ್ತದೆ. ಗಿಡ ನೆಟ್ಟವರು ಅದರ ನೆರಳನ್ನು ಕಾಣುವಷ್ಟು ಕಾಲ ಇರಬೇಕೆಂಬುದು ನಮ್ಮ ಅಭಿಪ್ರಾಯ.

ಆ ನೆಲದ ವಿಷಯದಲ್ಲಿಯೂ ಒಂದು ಸ್ವಾರಸ್ಯವುಂಟು. ಈ ಸೀಮೆಯ ಪುರಾತನ ಶಿಲೆಗಳಿಗೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲಿ ಈ ಊರಿನ ಹೆಸರನ್ನೇ ಇಟ್ಟನು. ಇಂದಿಗೂ ಜಗತ್ತಿನ ಭೂವಿಜ್ಞಾನಿಗಳು 250 ಕೋಟಿ ವರ್ಷಗಳಿಗೂ ಹಿಂದಿನ ಈ ಶಿಲಾಸಮೂಹವನ್ನು ಧಾರವಾಡದ ಹೆಸರಿನಿಂದಲೇ ಕರೆಯುತ್ತಾರೆ. ಭೂವಿಜ್ಞಾನದ ವಿದ್ಯಾರ್ಥಿಗೆ ಪಠ್ಯಪುಸ್ತಕವು ಕಾಲ ಕೆಳಗೇ ಬಿದ್ದಿರುವ ಭಾಗ್ಯ ಬೇರೆಲ್ಲಿಯೂ ಸುಲಭವಲ್ಲ.

ಇನ್ನು ಅನ್ನದ ಮಾತಿಗೆ ಬರೋಣ. ವಿಶ್ವವಿದ್ಯಾಲಯವು ಪಾಠವನ್ನು ಕೊಡಬಲ್ಲುದು, ಪುಸ್ತಕವನ್ನು ಕೊಡಬಲ್ಲುದು. ಮಳೆ ಕೈಕೊಟ್ಟ ವರ್ಷ ನವಲಗುಂದದ ಎರೆಹೊಲದವನ ಮಗ, ಇಂಡಿಯ ಬರಸೀಮೆಯವನ ಮಗ ಎರಡು ಹೊತ್ತು ಏನುಣ್ಣಬೇಕು? ಈ ಪ್ರಶ್ನೆಗೆ ಧಾರವಾಡದಲ್ಲಿ ಉತ್ತರ ಕೊಟ್ಟವು ಪ್ರಸಾದನಿಲಯಗಳು. ಮುರುಘಾಮಠದ ಪೂಜ್ಯ ಮೃತ್ಯುಂಜಯ ಅಪ್ಪಗಳವರ ಹೆಸರನ್ನು ಇಲ್ಲಿ ನೆನೆಯದಿರಲಾಗದು. ಸುಗ್ಗಿಯಾದೊಡನೆ ಹಳ್ಳಿ ಹಳ್ಳಿಗೆ ಜೋಳಿಗೆ ಹೋಗುವುದು, ಕಣದಲ್ಲಿ ರಾಶಿಯಾದ ಜೋಳದಲ್ಲಿ ಮಠದ ಪಾಲು ಚಕ್ಕಡಿಯೇರಿ ಧಾರವಾಡಕ್ಕೆ ಬರುವುದು, ಅದು ರೊಟ್ಟಿಯಾಗಿ ಹುಡುಗರ ತಾಟಿಗೆ ಬೀಳುವುದು, ಆ ಹುಡುಗರು ಬೆಳಗಿನ ಪೂಜೆ ಮುಗಿಸಿ ಕಾಲೇಜಿಗೋ ಗುಡ್ಡಕ್ಕೋ ನಡೆಯುವುದು: ಹೀಗೆ ಒಂದು ವ್ಯವಸ್ಥೆ ಯಾವ ಸರಕಾರದ ಆಜ್ಞಾಪತ್ರವೂ ಇಲ್ಲದೆ ನಡೆಯಿತು. ಒಬ್ಬ ವಿದ್ಯಾರ್ಥಿಯ ಎಂ.ಎ. ಪದವಿಯ ಹಿಂದೆ ಸಹಿ ಹಾಕಲೂ ಬಾರದ ಎಷ್ಟು ಮಂದಿ ಒಕ್ಕಲಿಗರ ಸೇರು ಕಾಳುಗಳಿವೆಯೆಂದು ಲೆಕ್ಕವಿಟ್ಟವರಿಲ್ಲ.

ನಾವು 1990ರ ದಶಕದಲ್ಲಿ ಎಂ.ಎ. ಓದುವಾಗ ಚಕ್ಕಡಿಯ ಜಾಗಕ್ಕೆ ಟ್ರ್ಯಾಕ್ಟರ್ ಬಂದಿತ್ತು. ಉಳಿದುದು ಹಾಗೆಯೇ ಇತ್ತು. ಪಾಠಶಾಲೆಯಲ್ಲಿ ವ್ಯಾಕರಣಸೂತ್ರಗಳನ್ನು ಬಾಯಿಪಾಠ ಮಾಡಿ ಬಂದವರಿಗೆ ಅಲ್ಲಿಯ ರೀತಿ ಮೊದಮೊದಲು ವಿಚಿತ್ರವಾಗಿ ತೋರಿತು. ಪಾಠಶಾಲೆಯಲ್ಲಿ ಗುರುಗಳು ಹೇಳಿದ್ದನ್ನು ತಪ್ಪಿಲ್ಲದೆ ಒಪ್ಪಿಸಿದವನು ಜಾಣ. ಇಲ್ಲಿ ಪ್ರಾಧ್ಯಾಪಕರು ತಾವು ಹೇಳಿದ್ದಕ್ಕೆ ಆಧಾರವೇನೆಂದು ಕೇಳದವನನ್ನು ದಡ್ಡನೆನ್ನುವರು! ಕಾವಿ ಉಟ್ಟ ವಿದ್ಯಾರ್ಥಿಯೆಂದು ಯಾರೂ ವಿಶೇಷ ಪೀಠವನ್ನು ಹಾಕಲಿಲ್ಲ. ಮೂರನೆಯ ಬೆಂಚಿನ ತುದಿಯೇ ನಮ್ಮ ಪೀಠವಾಗಿತ್ತು. ಆಷಾಢದ ಮಳೆ ಪಡುವಣದಿಂದ ಬೀಸಿ ಬಂದರೆ ಧಾರವಾಡದಲ್ಲಿ ಕೊಡೆಯೂ ನಿರುಪಯೋಗಿ. ನೆನೆದ ಬಟ್ಟೆಯಲ್ಲಿಯೇ ಕೆಂಪುಮಣ್ಣಿನ ಏರನ್ನು ಹತ್ತಿ, ಗ್ರಂಥಾಲಯದ ಮೂಲೆಯಲ್ಲಿ ಕುಳಿತು, ಸಂಜೆ ಕಾವಲುಗಾರ ಬಂದು ಎಬ್ಬಿಸುವವರೆಗೆ ಓದುವವರು ಹಲವರಿದ್ದರು. ಆ ಗ್ರಂಥಾಲಯಕ್ಕೆ ಪ್ರೊ. ಶಿ. ಶಿ. ಬಸವನಾಳರ ಹೆಸರಿದೆ. ಬೆಳಗಾವಿಯ ಆ ಏಳು ಜನ ತರುಣರಲ್ಲಿ ಒಬ್ಬರಾಗಿ, ಬಸವಣ್ಣನವರ ವಚನಗಳನ್ನು ಶೋಧಿಸಿ ಸಂಪಾದಿಸಿದ ಮಹನೀಯರವರು. ಖಾನಾವಳಿಯ ಎಣ್ಣೆಗಾಯಿ ಪಲ್ಯ, ಶೇಂಗಾಚಟ್ನಿಗಳನ್ನು ನೆನೆದು ಇಂದಿಗೂ ಬಾಯಲ್ಲಿ ನೀರೂರಿಸುವ ಹಳೆಯ ವಿದ್ಯಾರ್ಥಿಗಳು ನಮ್ಮ ಭಕ್ತರಲ್ಲಿ ಬಹಳ ಮಂದಿ ಇದ್ದಾರೆ; ಯಾವ ಪುಸ್ತಕ ಓದಿದಿರೆಂದು ಕೇಳಿದರೆ ಮಾತ್ರ ನಗುತ್ತಾರೆ.

ತಾಡೋಲೆಯ ಕಥೆ ಇದಕ್ಕಿಂತ ದೊಡ್ಡದು. ವಚನಗಳನ್ನು ಅಟ್ಟದಿಂದಿಳಿಸಿ ಅಚ್ಚಿಗೆ ತಂದವರು ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು. ಅವರ ‘ವಚನಶಾಸ್ತ್ರಸಾರ’ 1923ರಲ್ಲಿ ಹೊರಬಂದಿತು. ಅವರ ಹಿಂದೆ ವಿಶ್ವವಿದ್ಯಾಲಯವಿರಲಿಲ್ಲ, ಅನುದಾನವಿರಲಿಲ್ಲ. ಸ್ವಂತ ಮುದ್ರಣಾಲಯವನ್ನು ನಡೆಸಿ ಬಡತನವನ್ನು ತಂದುಕೊಂಡರು. ಕರ್ನಾಟಕ ವಿಶ್ವವಿದ್ಯಾಲಯವು 1956ರಲ್ಲಿ ಅವರಿಗೆ ಗೌರವ ಡಿ.ಲಿಟ್. ಪದವಿಯನ್ನಿತ್ತಿತು. ಕಾಲೇಜಿನ ಮೇಜನ್ನು ಕಾಣದ ವಚನವಾಙ್ಮಯವನ್ನು ವಿದ್ವತ್ತಿನ ವಿಷಯವೆಂದು ಒಪ್ಪಿಕೊಂಡ ಮುದ್ರೆಯೂ ಅದರಲ್ಲಿತ್ತು.

ಮುಂಬಯಿ ಸರಕಾರವು 1939ರಲ್ಲಿ ಧಾರವಾಡದಲ್ಲಿ ಸ್ಥಾಪಿಸಿದ್ದ ಕನ್ನಡ ಸಂಶೋಧನ ಸಂಸ್ಥೆಯು ಮುಂದೆ ವಿಶ್ವವಿದ್ಯಾಲಯದ ಅಂಗವಾಯಿತು. ಆರ್. ಎಸ್. ಪಂಚಮುಖಿಯವರು ಅದರ ಮೊದಲ ನಿರ್ದೇಶಕರು. ಶಾಸನಗಳು, ಶಿಲ್ಪಗಳು, ಹಸ್ತಪ್ರತಿಗಳು ಅಲ್ಲಿ ಕೂಡತೊಡಗಿದವು. ಅದೇ ಸಂಸ್ಥೆಯ ಡಾ. ಪಿ. ಬಿ. ದೇಸಾಯಿಯವರು ಬಸವೇಶ್ವರರನ್ನೂ ಅವರ ಕಾಲವನ್ನೂ ಕುರಿತು ಇಂಗ್ಲಿಷಿನಲ್ಲಿ ಬರೆದ ಗ್ರಂಥ 1968ರಲ್ಲಿ ಪ್ರಕಟವಾಯಿತು. ಪುರಾಣಗಳಿಂದಷ್ಟೇ ಬಸವಣ್ಣನವರನ್ನು ಬಲ್ಲ ನಮಗೆ, 1260ರ ಅರ್ಜುನವಾಡ ಶಾಸನದಂತಹ ಕಲ್ಲಿನ ಸಾಕ್ಷಿಯನ್ನು ಮುಂದಿಟ್ಟು ಚರಿತ್ರೆಯ ಪುರುಷನನ್ನಾಗಿ ತೋರಿಸಿದ ಗ್ರಂಥವದು. ಭಕ್ತಿಗೆ ಶಾಸನ ಬೇಕಿಲ್ಲವೆಂದು ಕೆಲವರು ಹೇಳುವುದುಂಟು. ಬೇಕಿಲ್ಲ ನಿಜ, ಆದರೆ ಬಸವಣ್ಣನೆಂಬವನು ಇದ್ದನೇ ಎಂದು ಪರರು ಕೇಳಿದಾಗ ಕಣ್ಣೀರಿನಿಂದ ಉತ್ತರ ಕೊಡಲಾಗದು.

ಅದಕ್ಕಿಂತಲೂ ವಿಸ್ಮಯದ ಸಂಗತಿ ಶೂನ್ಯಸಂಪಾದನೆಯದು. ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯನ್ನು ವಿಶ್ವವಿದ್ಯಾಲಯವು ಇಂಗ್ಲಿಷ್ ಅನುವಾದ ಮತ್ತು ವಿವರಣೆಗಳೊಡನೆ ಐದು ಸಂಪುಟಗಳಲ್ಲಿ, 1965ರಿಂದ 1972ರೊಳಗೆ ಹೊರತಂದಿತು. ಡಾ. ಶಿ. ಚೆ. ನಂದೀಮಠ, ಡಾ. ಆರ್. ಸಿ. ಹಿರೇಮಠ, ಪ್ರೊ. ಸಂ. ಶಿ. ಭೂಸನೂರಮಠ, ಡಾ. ಎಂ. ಎಸ್. ಸುಂಕಾಪುರ ಇವರೆಲ್ಲರ ಜೊತೆಗೆ ಈ ಕೆಲಸಕ್ಕೆ ಹೆಗಲು ಕೊಟ್ಟವರು ಅರ್ಮಾಂಡೊ ಮೆನೆಜಸ್. ಅವರು ಗೋವೆಯ ಕ್ರೈಸ್ತ ಮನೆತನದಲ್ಲಿ ಹುಟ್ಟಿದವರು, ಇಂಗ್ಲಿಷಿನಲ್ಲಿ ಕವಿತೆ ಬರೆದವರು. ವೀರಶೈವ ಮಠದ ಪರಂಪರೆಯಲ್ಲಿ ಬೆಳೆದ ಪಂಡಿತನೂ ಕ್ರೈಸ್ತ ಕವಿಯೂ ಒಂದೇ ಮೇಜಿನ ಎರಡು ಬದಿಗೆ ಕುಳಿತು ಅಲ್ಲಮಪ್ರಭುವಿನ ಒಂದು ಬೆಡಗಿನ ವಚನಕ್ಕೆ ಅರ್ಥ ಹುಡುಕುವ ದೃಶ್ಯವನ್ನು ವಾಚಕರು ಮನಸ್ಸಿನಲ್ಲಿ ಕಂಡುಕೊಳ್ಳಲಿ. ಯಾವ ಮಠದಲ್ಲಿ ಇದು ಸಾಧ್ಯವಾಗುತ್ತಿತ್ತು? ಸಾರ್ವಜನಿಕ ವಿಶ್ವವಿದ್ಯಾಲಯವೆಂಬ ಬಯಲು ಇದ್ದುದರಿಂದ ಸಾಧ್ಯವಾಯಿತು. ಕನ್ನಡ ಅಧ್ಯಯನ ಪೀಠವನ್ನು ಕಟ್ಟಿ, ಮುಂದೆ ಕುಲಪತಿಗಳೂ ಆದ ಹಿರೇಮಠರ ಹೆಸರನ್ನು ಇಂದು ಆ ಪೀಠವೇ ಹೊತ್ತಿದೆ.

ಗುಡ್ಡದ ವಿದ್ಯೆ ಗುಡ್ಡದಲ್ಲಿಯೇ ನಿಲ್ಲಬಾರದೆಂದು ಪ್ರಸಾರಾಂಗ ಹುಟ್ಟಿತು. ಕವಿಗಳಾದ ಚೆನ್ನವೀರ ಕಣವಿಯವರು 1956ರಿಂದ 1983ರವರೆಗೆ ಅದರ ಹೊಣೆ ಹೊತ್ತಿದ್ದರು. ಪ್ರಾಧ್ಯಾಪಕರು ಹಳ್ಳಿಗೆ ಹೋಗಿ ಗುಡಿಯ ಕಟ್ಟೆಯ ಮೇಲೋ ಶಾಲೆಯ ಅಂಗಳದಲ್ಲೋ ವಿಜ್ಞಾನ, ಇತಿಹಾಸ, ಸಾಹಿತ್ಯಗಳನ್ನು ಕುರಿತು ಕನ್ನಡದಲ್ಲಿ ಮಾತನಾಡುವರು. ಆ ಮಾತು ಉಪನ್ಯಾಸ ಗ್ರಂಥಮಾಲೆಯ ಸಣ್ಣ ಪುಸ್ತಕವಾಗಿ ಅಲ್ಪ ಬೆಲೆಗೆ ದೊರೆಯುವುದು. ಆ ಕಿರುಹೊತ್ತಗೆಗಳು ಅನೇಕ ಮಠಗಳ ಕಪಾಟುಗಳಲ್ಲಿ ಇನ್ನೂ ಇವೆ. ಸಂಗೀತಕ್ಕೂ ಗುಡ್ಡದಲ್ಲಿ ಎಡೆಯಾಯಿತು. ಮುರುಘಾಮಠದ ಪರಮಭಕ್ತರಾದ ಮಲ್ಲಿಕಾರ್ಜುನ ಮನ್ಸೂರರು ಸಂಗೀತ ವಿಭಾಗದ ಗೌರವ ನಿರ್ದೇಶಕರಾಗಿದ್ದರು, ಗಂಗೂಬಾಯಿ ಹಾನಗಲ್ಲರು ಗೌರವ ಪ್ರಾಧ್ಯಾಪಕರಾಗಿದ್ದರು. ಇವರಿಬ್ಬರೂ ಶಾಲೆಯ ಮೆಟ್ಟಿಲನ್ನು ಬಹಳ ಹತ್ತಿದವರಲ್ಲ. ಅವರನ್ನು ಗುರುಸ್ಥಾನದಲ್ಲಿ ಕೂರಿಸಿದ ವಿಶ್ವವಿದ್ಯಾಲಯದ ಔಚಿತ್ಯವನ್ನು ಮೆಚ್ಚಲೇಬೇಕು.

ಇಲ್ಲಿಯವರೆಗೆ ಹೇಳಿದುದು ಕೇಳಲು ಹಿತವಾದುದು. ಇನ್ನೊಂದು ಸಂಗತಿಯನ್ನು ಬಿಟ್ಟರೆ ಈ ಚರಿತ್ರೆ ಕುಂಟಾಗುವುದು. ಪ್ರಶ್ನೆ ಕೇಳುವುದನ್ನು ಕಲಿಸುವ ಸಂಸ್ಥೆ ಒಂದು ದಿನ ನಮ್ಮನ್ನೂ ಪ್ರಶ್ನಿಸದಿರದು. ಕನ್ನಡ ಅಧ್ಯಯನ ಪೀಠದ ಡಾ. ಎಂ. ಎಂ. ಕಲಬುರ್ಗಿಯವರು ‘ಮಾರ್ಗ’ದ ಮೊದಲ ಸಂಪುಟದಲ್ಲಿ ಶರಣರ ಕುಟುಂಬದ ಕೆಲವು ಸಂಗತಿಗಳನ್ನು ಕುರಿತು ಬರೆದುದಕ್ಕೆ ಸಮಾಜದಲ್ಲಿ ದೊಡ್ಡ ಕೋಲಾಹಲವೆದ್ದು, 1989ರಲ್ಲಿ ಅವರು ಒತ್ತಡಕ್ಕೆ ಮಣಿದು ತಮ್ಮ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. ಅವರ ನಿರ್ಣಯ ಸರಿಯೋ ತಪ್ಪೋ ಎಂಬುದು ಬೇರೆಯ ಚರ್ಚೆ. ಆಧಾರವನ್ನು ಆಧಾರದಿಂದ ಖಂಡಿಸಬೇಕು, ಅದು ಶಾಸ್ತ್ರಮರ್ಯಾದೆ. ಪೂರ್ವಪಕ್ಷವನ್ನು ಪೂರ್ತಿ ಹೇಳಿ ಆಮೇಲೆ ಸಿದ್ಧಾಂತ ಹೇಳುವುದನ್ನು ನಮ್ಮ ಪಾಠಶಾಲೆಗಳೇ ಕಲಿಸುತ್ತವೆ. ಜನರನ್ನು ಕೂಡಿಸಿ ಒಬ್ಬ ವಿದ್ವಾಂಸನಿಂದ ಮಾತು ಹಿಂತೆಗೆಸಿದರೆ ಪೂರ್ವಪಕ್ಷ ಅಳಿಯುವುದಿಲ್ಲ, ಸಿದ್ಧಾಂತವೂ ಸ್ಥಾಪಿತವಾಗುವುದಿಲ್ಲ. ಆ ಬಳಿಕವೂ ಸಮಗ್ರ ವಚನ ಸಂಪುಟಗಳ ಸಂಪಾದನೆಯ ಭಾರವನ್ನು ಹೊತ್ತವರು ಅದೇ ಕಲಬುರ್ಗಿಯವರೆಂಬುದನ್ನು ವಾಚಕರು ಮರೆಯಬಾರದು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆಬಾಗಿಲಲ್ಲಿಯೇ ಅವರನ್ನು ಗುಂಡಿಟ್ಟು ಕೊಂದರು. ವಿದ್ಯಾನಗರಿಯೆಂದು ನಾವು ಹೊಗಳುವ ಊರಿನಲ್ಲಿ ಇದು ನಡೆಯಿತು.

ವಿಶ್ವವಿದ್ಯಾಲಯದ ವ್ಯಾಪ್ತಿ ಕಾಲಕ್ರಮದಲ್ಲಿ ಕಿರಿದಾಯಿತು. 1970ರಲ್ಲಿ ಕಲಬುರ್ಗಿಯಲ್ಲಿ ತೆರೆದ ಸ್ನಾತಕೋತ್ತರ ಕೇಂದ್ರ 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಇಂಜಿನಿಯರಿಂಗ್ ಕಾಲೇಜುಗಳು 1998ರಲ್ಲಿ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಹೋದವು. ವಿಜಾಪುರದಲ್ಲಿ 2003ರಲ್ಲಿ ಮಹಿಳಾ ವಿಶ್ವವಿದ್ಯಾಲಯ, ಬೆಳಗಾವಿಯಲ್ಲಿ 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, 2023ರಲ್ಲಿ ಹಾವೇರಿಯದು ಬಂದವು. ಊರೂರಿಗೆ ವಿದ್ಯೆ ಹೋಗಲೆಂಬುದು ಒಳ್ಳೆಯ ಉದ್ದೇಶವೇ. ಆದರೆ ಮನೆ ಹಿಸೆಯಾದಾಗ ಹೊಲ ಹಂಚಬಹುದು, ಬಾವಿಯನ್ನು ಹಂಚಲಾಗದು. ಗ್ರಂಥಾಲಯ, ವಸ್ತುಸಂಗ್ರಹಾಲಯ, ಹಿರಿಯ ಪ್ರಾಧ್ಯಾಪಕರ ಪರಂಪರೆ ಇವು ಬಾವಿಯಿದ್ದಂತೆ. ಹೊಸ ವಿಶ್ವವಿದ್ಯಾಲಯಗಳಿಗೆ ನಾಮಫಲಕ ಬೇಗ ದೊರೆಯುತ್ತದೆ, ಇವು ದೊರೆಯುವುದಕ್ಕೆ ಎರಡು ತಲೆಮಾರು ಬೇಕು.

ಇತ್ತ ಮಠಗಳ ದಾರಿಯೂ ಬದಲಾಗಿದೆ. ಅಂದು ಮಠವು ಹುಡುಗನಿಗೆ ಉಣ್ಣಲಿಕ್ಕಿ ಸಾರ್ವಜನಿಕ ವಿಶ್ವವಿದ್ಯಾಲಯಕ್ಕೆ ಕಳಿಸುತ್ತಿತ್ತು. ಇಂದು ದೊಡ್ಡ ಮಠಗಳಿಗೆ ಸ್ವಂತ ಇಂಜಿನಿಯರಿಂಗ್ ಕಾಲೇಜುಗಳಿವೆ, ವೈದ್ಯಕೀಯ ಕಾಲೇಜುಗಳಿವೆ, ಅಲ್ಲಿ ಶುಲ್ಕದ ಪಟ್ಟಿಗಳಿವೆ. ಅವುಗಳಿಂದ ಸಾವಿರಾರು ಜನರಿಗೆ ಉಪಕಾರವಾಗಿರುವುದನ್ನು ಅಲ್ಲಗಳೆಯುವಂತಿಲ್ಲ. ಆದರೂ ಕನ್ನಡ, ಇತಿಹಾಸ, ಶಾಸನಶಾಸ್ತ್ರಗಳನ್ನು ಓದಬಯಸುವ ಬಡ ಹುಡುಗ ಈಗಲೂ ಗುಡ್ಡವನ್ನೇ ಹತ್ತಬೇಕು. ಅವನ ಊಟದ ಚಿಂತೆ ಯಾರದೆಂಬುದು ಸಭೆಗಳಲ್ಲಿ ಚರ್ಚೆಗೆ ಬರುವುದು ಕಡಿಮೆ. ಇಂದು ಧಾರವಾಡಕ್ಕೆ ಬರುವ ತರುಣರಲ್ಲಿ ಬಹಳ ಮಂದಿ ಸ್ಪರ್ಧಾತ್ಮಕ ಪರೀಕ್ಷೆಗಳಿಗಾಗಿ ಬಾಡಿಗೆ ಕೋಣೆ ಹಿಡಿದು ವರ್ಷಗಟ್ಟಲೆ ಕಾಯುವವರು. ಅವರನ್ನು ತಪ್ಪೆನ್ನುವುದು ಸಲ್ಲದು, ಮನೆಯಲ್ಲಿ ಸಾಲವಿದೆ. ಆದರೆ ಹತ್ತು ಜನ ಹಾಗೆ ಓದುವಾಗ ಒಬ್ಬನಾದರೂ ಹಸ್ತಪ್ರತಿಯ ಮುಂದೆ ಕುಳಿತುಕೊಳ್ಳಬೇಕಷ್ಟೆ? ಹಳಗನ್ನಡ ಲಿಪಿಯನ್ನು ತಡೆಯಿಲ್ಲದೆ ಓದಬಲ್ಲವರು ವರ್ಷದಿಂದ ವರ್ಷಕ್ಕೆ ವಿರಳರಾಗುತ್ತಿದ್ದಾರೆ.

ಕೊನೆಗೊಂದು ವ್ಯವಹಾರದ ಮಾತು. ನಿಮ್ಮ ಊರಿನ ಮಠದಲ್ಲಿಯೋ ಹಳೆಯ ಮನೆಯಲ್ಲಿಯೋ ತಾಡೋಲೆಯ ಕಟ್ಟುಗಳಿದ್ದರೆ, ಪೂಜೆಯ ಜಗಲಿಯ ಮೇಲಿಟ್ಟು ಕುಂಕುಮ ಹಚ್ಚುತ್ತಿದ್ದರೂ ಸರಿಯೆ, ಅದನ್ನು ಕೊಡಬೇಕೆಂದು ನಾವು ಕೇಳುತ್ತಿಲ್ಲ. ಕಟ್ಟು ಯಾರಲ್ಲಿದೆ, ಗರಿಗಳು ಸುಮಾರು ಎಷ್ಟಿವೆ, ಮೊದಲ ಗರಿಯ ಮೇಲೆ ಏನಾದರೂ ಹೆಸರು ಕಾಣುತ್ತದೆಯೇ ಎಂಬುದನ್ನು ಒಂದು ಕಾಗದದಲ್ಲಿ ಬರೆದು ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಗಾಗಲಿ ಕನ್ನಡ ಅಧ್ಯಯನ ಪೀಠಕ್ಕಾಗಲಿ ತಿಳಿಸಿರಿ. ಕುಂಕುಮವನ್ನು ಮಾತ್ರ ಇಂದಿನಿಂದಲೇ ನಿಲ್ಲಿಸಿರಿ, ಅಕ್ಷರದ ಕೊರೆತದಲ್ಲಿ ಅದು ಸೇರಿಕೊಂಡರೆ ಆಮೇಲೆ ತೆಗೆಯಲಾಗದು.